ಅಮ್ಮ ಈಜು ಕಲಿತ ವರ್ಷ

ಮಾರ್ಚ್ 6

ಪ್ರೀತಿಯ ಚೂಟಿ,

ನಿನ್ನ ಕಾಗದ ಬಂತು. ಹಲ್ಲು ಕಟ್ಟೋ ಕೆಲಸದಲ್ಲಿ ನಿನಗೆ ಬಡ್ತಿ ಸಿಕ್ಕಿದ್ದು ಓದಿ ನಿಮ್ಮಣ್ಣ ಕನ್ನಡಿ ಮುಂದೆ ನಿಂತು ಬಾಯಿ ಅಗಲ ಮಾಡಿ, "ತಂಗಿಗೆ ಒಬ್ಬ ಗಿರಾಕಿ ತಯಾರಾಗ್ತಿದ್ದಾನೆ" ಅಂದ. ಈಗ ಅವನ ಬಸ್ಸಿಗೆ ಹಗಲು ಪಾಳಿ, ಅದಕ್ಕೇ ಈ ಹುರುಪು.

ನನ್ನ ಪಾಡು ಕೇಳಬೇಡ. ಕೆಲಸದಿಂದ ನಿವೃತ್ತಿಯಾದರೂ ಆಸ್ಪತ್ರೆ ಲಾಂಡ್ರಿಯ ಗಂಟೆ ಇನ್ನೂ ಕಿವಿಯಲ್ಲೇ ಇದೆ. ಬೆಳಗಿನ ಜಾವ ಎದ್ದು ಕೂತುಬಿಡ್ತೀನಿ. ಎದ್ದು ಮಾಡೋದೇನು? ಮನೇಲಿರೋ ಬಟ್ಟೇನೇ ಮತ್ತೆ ಮತ್ತೆ ಒಗೀತಿದ್ದೆ. ಮೊನ್ನೆ ನಿನ್ನ ಅತ್ತಿಗೆ ನೋಡಿ ನೋಡಿ ಸಾಕಾಗಿ, "ಅತ್ತೆ, ಆ ಬೆಡ್‌ಶೀಟಿನ ಮೇಲೆ ಸ್ವಲ್ಪ ಕರುಣೆ ತೋರಿಸಿ. ಬನ್ನಿ ನನ್ನ ಜೊತೆ" ಅಂತ ಕೈ ಹಿಡಿದು ಎಬ್ಬಿಸಿದಳು.

ಅವಳು ಕೆಲಸ ಮಾಡೋ ನರ್ಸರಿ ಊರಾಚೆ ಇದೆ, ಗೊತ್ತಲ್ಲ. ಅದಕ್ಕೂ ಆಚೆ ಒಂದು ಕೊಳ. ಇಟ್ಟಿಗೆ ಗೂಡು ದಾಟಿ, ಕಾಲುವೆ ಏರಿ ಹಿಡಿದು ಹೋದರೆ ಒಂದು ಹಳೇ ಗೇಟು ಸಿಗುತ್ತೆ. ಅದರ ಕೀಲು ಮುರಿದಿದೆ. ಎತ್ತಿ ಪಕ್ಕಕ್ಕಿಟ್ಟು, ದಾಟಿ, ಮತ್ತೆ ಎತ್ತಿ ಇಡಬೇಕು. ಆಮೇಲೆ ಜೋಳದ ಹೊಲದ ಬದು, ಅದರ ತುದಿಗೆ ಜೊಂಡು, ಜೊಂಡಿನ ನಡುವೆ ನೀರು. ನೀರಂದ್ರೆ ಎಂಥಾ ನೀರು! ತಳದಲ್ಲಿ ಬಿದ್ದಿರೋ ಎಲೆ ಕಾಣುತ್ತೆ. ನೀರಿನ ಮೇಲೆ ಸಣ್ಣ ಹುಳಗಳು ಕಾಲು ಒದ್ದೆಯಾಗದ ಹಾಗೆ ಓಡಾಡ್ತಿದ್ವು. ನಾವಿಬ್ಬರೂ ದಡದಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿದು ಬಂದ್ವಿ. ಇಷ್ಟು ವರ್ಷ ಈ ಊರಲ್ಲಿದ್ದು ನಾನು ಇದನ್ನ ನೋಡೇ ಇರಲಿಲ್ಲವಲ್ಲ ಚೂಟಿ!

ವೇಳೆಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ


ಮಾರ್ಚ್ 15

ಅಮ್ಮಾ,

ನೀನು ಹೊರಗೆ ಸುತ್ತಾಡಿ ಬರ್ತಿರೋದು ಓದಿ ಖುಷಿಯಾಯ್ತು.

ಆ ಕೊಳ ನೀನು ನೋಡಿಲ್ಲ, ಸರಿ. ಆದರೆ ಅದರ ಬಗ್ಗೆ ನನ್ನ ಬಾಯಿಂದ ಕೇಳಿದ್ದೆ. ನಾಲ್ಕನೇ ಕ್ಲಾಸಲ್ಲಿದ್ದಾಗ ನಾನು ಒದ್ದೆ ಫ್ರಾಕಲ್ಲಿ ಬಾಗಿಲಲ್ಲಿ ನಿಂತು, ಎಲ್ಲಿಗೆ ಹೋಗಿದ್ದೆ ಅಂತ ಒಂದೇ ಉಸಿರಲ್ಲಿ ಹೇಳಿದ್ದೆ. ನೀರಲ್ಲಿ ಎಲೆ ಕಾಣುತ್ತೆ ಅಂತಲೂ ಹೇಳಿದ್ದೆ ಅನ್ಸುತ್ತೆ. ನೀನು ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡ್ತಿದ್ದೆ. "ಇನ್ನೊಂದು ಸಲ ನೀರಿನ ಹತ್ತಿರ ಹೋದ್ರೆ ಕಾಲು ಮುರೀತೀನಿ" ಅಂದೆ. ಮುರಿಸಿಕೊಳ್ಳೋ ಧೈರ್ಯ ನನಗಿರಲಿಲ್ಲ. ಅದಕ್ಕೇ ಇವತ್ತಿಗೂ ನನಗೆ ಈಜು ಬರಲ್ಲ.

ಹೋಗಲಿ ಬಿಡು, ಹಳೇ ಮಾತು. ಇಟ್ಟಿಗೆ ಗೂಡಿನ ದಾರಿ ಸುತ್ತು, ಗೊತ್ತಾ? ಹಳೇ ಗೋದಾಮಿನ ಹಿಂದಿನಿಂದ ಒಂದು ಕಾಲುದಾರಿ ನೇರ ಕೊಳಕ್ಕೇ ಹೋಗುತ್ತೆ. ಅತ್ತಿಗೆ ಊರಿಗೆ ಹೊಸಬರು, ಪಾಪ, ಅವರಿಗೆ ಹೇಗೆ ತಿಳೀಬೇಕು?

ಇಲ್ಲಿ ಕೆಲಸ ಜೋರು. ಮೇಣದಲ್ಲಿ ಹಲ್ಲು ಕೂರಿಸಿ ಕೂರಿಸಿ ಕಣ್ಣು ಉರೀತಿದೆ.

ನಿನ್ನ ಮಗಳು


ಏಪ್ರಿಲ್ 2

ಚೂಟಿ,

ಕೂತಿದ್ದೀಯಾ? ಕೂತ್ಕೊಂಡು ಓದು. ನಿಮ್ಮಮ್ಮ ನೀರಿಗಿಳಿದಳು!

ಮೊದಲ ದಿನ ಮಂಡಿ ತನಕ. ಆಮೇಲೆ ಸೊಂಟದ ತನಕ. ಮೊನ್ನೆ ನಿನ್ನ ಅತ್ತಿಗೆ, "ಇವತ್ತು ಮಲಗಬೇಕು" ಅಂದಳು. "ಎಲ್ಲಿ ಮಲಗೋದೇ ಹುಡುಗಿ, ಇದೇನು ಮಂಚವಾ?" ಅಂದೆ. ಬೆನ್ನ ಕೆಳಗೆ ಕೈ ಕೊಟ್ಟು, "ಕತ್ತು ಬಿಗಿ ಹಿಡೀಬೇಡಿ ಅತ್ತೆ, ತಲೆಯ ಭಾರ ನನಗೆ ಕೊಡಿ" ಅಂದಳು. ಕೊಟ್ಟೆ. ಕಾಲು ತಾನಾಗೇ ಮೇಲೆ ಬಂತು. ಮೇಲೆ ಆಕಾಶ ಬಿಟ್ರೆ ಏನೂ ಇಲ್ಲ. ಒಂದು ಮಿಂಚುಳ್ಳಿ ನನ್ನ ಮೂಗಿನ ಮೇಲೇ ಹಾರಿಹೋಯ್ತು ಅನ್ನೋ ಹಾಗೆ ಹೋಯ್ತು.

ಇಡೀ ಜೀವನ ನೀರಲ್ಲೇ ಕೈಯಿಟ್ಟು ಬದುಕಿದವಳು ನಾನು. ಆದರೆ ಅದು ಕುದಿಯೋ ನೀರು, ಸೋಪಿನ ನೀರು, ರಕ್ತದ ಕಲೆ ಬಿಡಿಸಿದ ನೀರು. ನೀರು ಮನುಷ್ಯರನ್ನ ಹೀಗೆ ಹೊರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ನಮ್ಮಮ್ಮ ಸತ್ತ ಮೇಲೆ ನನ್ನನ್ನ ಹಾಗೆ ಯಾರೂ ಎತ್ತಿ ಹಿಡಿದಿರಲಿಲ್ಲ ಕಣೇ.

ನೀನು ಬರೆದ ಕಾಲುದಾರಿ ಅವಳಿಗೂ ಗೊತ್ತಂತೆ. ಆದರೂ ನಾವು ಸುತ್ತು ದಾರೀಲೇ ಹೋಗ್ತೀವಿ. ಮಾತಾಡೋಕೆ ಹೊತ್ತು ಸಿಗುತ್ತೆ.

ಬೀದಿಯವರೆಲ್ಲ, "ಅತ್ತೆ ಸೊಸೆ ಜಗಳ ಯಾವಾಗ ಶುರು?" ಅಂತ ಕೇಳ್ತಾರೆ. ಅವರಿಗೆ ಬೇಜಾರು, ಪಾಪ.

ನಿನ್ನ ಅಮ್ಮ


ಏಪ್ರಿಲ್ 9

ಅತ್ತಿಗೆಯವರಿಗೆ,

ವಯಸ್ಸಲ್ಲಿ ನನಗಿಂತ ಚಿಕ್ಕವರನ್ನ ಅತ್ತಿಗೆ ಅನ್ನೋದು ನನಗಿನ್ನೂ ರೂಢಿಯಾಗಿಲ್ಲ. ಮದುವೆಯಾದ ಮೇಲೆ ನಾನು ನಿಮಗೆ ಬರೀತಿರೋ ಮೊದಲ ಕಾಗದ ಇದು. ಒಳ್ಳೆ ಮಾತಿಗೇ ಬರೀಬೇಕು ಅಂದ್ಕೊಂಡಿದ್ದೆ. ಆದರೆ ಹೇಳದೆ ಇರೋಕಾಗ್ತಿಲ್ಲ.

ಅಮ್ಮ ನಿಮಗೆ ಹೇಳಲ್ಲ. ಯಾರ ಮನಸ್ಸೂ ನೋಯಿಸದೆ ಬದುಕಿದವಳು ಅವಳು. ನನಗೆ ಮಾತ್ರ ಬರೀತಾಳೆ. ಅಷ್ಟು ದೂರ ನಡೆದ್ರೆ ಅವಳಿಗೆ ಮಂಡಿ ನೋವು ಬರುತ್ತಂತೆ. ನೀರು ಕಂಡ್ರೆ ಅವಳಿಗೆ ಮೊದಲಿಂದಲೂ ಭಯ. ನಿಮಗೆ ಬೇಸರ ಆಗಬಾರದು ಅಂತ ಹಲ್ಲು ಕಚ್ಚಿಕೊಂಡು ಬರ್ತಿದ್ದಾಳೆ. "ಹೇಗೆ ಬೇಡ ಅನ್ನಲಿ, ಹೊಸ ಹುಡುಗಿ" ಅಂತ ಬರೆದಿದ್ದಾಳೆ.

ನಾನು ಹೇಳಿದೆ ಅಂತ ಅವಳಿಗೆ ಗೊತ್ತಾಗೋದು ಬೇಡ. ನೀವೇ ಏನಾದರೂ ಕೆಲಸದ ನೆವ ಹೇಳಿ ಬಿಡಿಸಿದ್ರೆ ಉಪಕಾರ. ಮಗಳಾಗಿ ಇಷ್ಟು ಹೇಳೋದು ನನ್ನ ಕರ್ತವ್ಯ.

ನಿಮ್ಮ ನಾದಿನಿ


ಏಪ್ರಿಲ್ 17

ನಾದಿನಿಯವರಿಗೆ,

ನಿಮ್ಮ ಕಾಗದ ತಲುಪಿತು. ನನಗೆ ಗೊತ್ತಾಗಲಿಲ್ಲ. ಅತ್ತೆ ನಗ್ತಿದ್ರು. ನಗು ನಿಜ ಅಂದ್ಕೊಂಡೆ.

ಇನ್ನು ಕರೆಯಲ್ಲ. ಹೇಳಿದ್ದಕ್ಕೆ ಥ್ಯಾಂಕ್ಸ್.

ನಿಮ್ಮ ಅತ್ತಿಗೆ


ಮೇ 5

ಚೂಟಿ,

ಬರೆಯೋಕೆ ತಡವಾಯ್ತು. ವಿಶೇಷವೇನೂ ಇಲ್ಲ.

ನಿನ್ನ ಅತ್ತಿಗೆ ಈಗ ನಾನು ಸ್ನಾನ ಮುಗಿಸೋ ಮುಂಚೇನೇ ಹೊರಟುಬಿಡ್ತಾಳೆ. ಹೊಸ ಸಸಿ ಬಂದಿವೆಯಂತೆ, ಕಸಿ ಕಟ್ಟೋದಿದೆಯಂತೆ. ಭಾನುವಾರ ಕೇಳಿದೆ. "ತಲೆನೋವು ಅತ್ತೆ" ಅಂದಳು. ಮುಂದಿನ ಭಾನುವಾರ ನಾನೇ ಫ್ಲಾಸ್ಕು ತೊಳೆದು ಮೇಜಿನ ಮೇಲಿಟ್ಟೆ. ಅದನ್ನ ನೋಡಿದಳು, ನೋಡದ ಹಾಗೆ ಒಳಗೆ ಹೋದಳು. ಮಾತಿಗೇನೂ ಕಮ್ಮಿಯಿಲ್ಲ, "ಅತ್ತೆ ನಿಧಾನ, ಅತ್ತೆ ಕೂತ್ಕೊಳ್ಳಿ, ಅತ್ತೆ ನಾನೆತ್ತಿ ಕೊಡ್ತೀನಿ." ವಾರ್ಡಿನಲ್ಲಿ ಹೊಸ ನರ್ಸುಗಳು ಹಾಗೆ ಮಾತಾಡ್ತಿದ್ರು.

ನಾನೇನಾದರೂ ಅನ್ನಬಾರದ್ದು ಅಂದೆನಾ ಅಂತ ಯೋಚಿಸಿ ಯೋಚಿಸಿ ಸಾಕಾಯ್ತು. ನಿನಗೇನಾದರೂ ಹೊಳೆಯುತ್ತಾ? ನೀವು ಇಬ್ಬರೂ ಒಂದೇ ಓರಗೆಯವರು.

ಒಬ್ಬಳೇ ಆ ಗೇಟಿನ ತನಕ ಹೋಗಿದ್ದೆ. ಎತ್ತೋ ಶಕ್ತಿ ಇತ್ತು, ಎತ್ತೋ ಮನಸ್ಸಾಗಲಿಲ್ಲ. ವಾಪಸ್ ಬಂದೆ.

ನಿನ್ನ ಅಮ್ಮ


ಮೇ 12

ನನ್ನ ಮುದ್ದು ಅಮ್ಮಾ,

ನೀನೇನೂ ತಪ್ಪು ಮಾಡಿಲ್ಲ. ಹೊಸದರಲ್ಲಿ ಎಲ್ಲರೂ ಹಾಗೇ. ಅತ್ತೆಯನ್ನ ತಲೆ ಮೇಲೆ ಕೂರಿಸಿಕೊಂಡು ಮೆರೀತಾರೆ, ಆಮೇಲೆ ಬೇಸರವಾಗುತ್ತೆ. ಅವರಿಗೂ ಅವರದೇ ಬದುಕಿದೆ, ಬಿಡು.

ನನ್ನ ಹತ್ತಿರ ಬಾ. ರೂಮು ಚಿಕ್ಕದು, ನೀನು ಮಂಚದ ಮೇಲೆ, ನಾನು ಕೆಳಗೆ. ಸಂಜೆ ಕೆಲಸ ಮುಗಿಸಿ ಬಂದು ಇಬ್ಬರೂ ಪಾರ್ಕಿಗೆ ಹೋಗೋಣ. ಇಲ್ಲೂ ನೀರಿದೆ, ಕಾರಂಜಿ. ಸುತ್ತ ಬೆಂಚು ಹಾಕಿದ್ದಾರೆ. ಯಾರ ಮುಲಾಜೂ ಬೇಡ.

ಯಾವಾಗ ಬರ್ತೀಯ ಬರೆ. ಬಸ್ ಸ್ಟ್ಯಾಂಡಿಗೆ ಬಂದು ನಿಂತಿರ್ತೀನಿ.

ಎಂದೆಂದಿಗೂ ನಿನ್ನವಳೇ ಆದ ಚೂಟಿ


ಜೂನ್ 20

ಚೂಟಿಗೆ,

ನಾವೆಲ್ಲ ಕ್ಷೇಮ. ನೀನೂ ಕ್ಷೇಮ ಅಂತ ತಿಳಿದಿದ್ದೀನಿ. ಬರೋ ವಿಚಾರ ಈಗ ಬೇಡ, ಮುಂದೆ ನೋಡೋಣ. ನಿಮ್ಮಣ್ಣನಿಗೆ ಮತ್ತೆ ರಾತ್ರಿ ಪಾಳಿ. ಮಳೆ ಇನ್ನೂ ಬಂದಿಲ್ಲ, ಸೆಕೆ ಜಾಸ್ತಿ. ಪರದೆಗಳನ್ನೆಲ್ಲ ಒಗೆದು ಹಾಕಿದೆ.

ಅಮ್ಮ


ಜುಲೈ 4

ಅಮ್ಮಾ,

ನಿನ್ನ ಕಾಗದ ಇಷ್ಟು ಚಿಕ್ಕದಾದ್ರೆ ಹೇಗೆ? ಅಂಚೆಯವನು ಕೊಟ್ಟ ಕೂಡಲೇ ಅಲ್ಲೇ ಮೆಟ್ಟಿಲ ಮೇಲೆ ನಿಂತು ಓದಿಬಿಟ್ಟೆ. ಮುಗಿದೇ ಹೋಯ್ತು. ಕವರಿನೊಳಗೆ ಇನ್ನೊಂದು ಹಾಳೆ ಅಂಟಿಕೊಂಡಿದೆಯೇನೋ ಅಂತ ಬೆರಳು ಹಾಕಿ ನೋಡಿದೆ.

ನನಗೆ ದವಡೆ ನೋವು. ನಮ್ಮ ಲ್ಯಾಬಿನ ಯಜಮಾನ ಮುಖ ನೋಡಿಯೇ, "ನಿದ್ದೇಲಿ ಹಲ್ಲು ಕಡೀತೀಯ. ಯಾರ ಮೇಲಮ್ಮಾ ಅಷ್ಟು ಕೋಪ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಕೊಳದ ಸುದ್ದಿ ಬರೆಯೋದನ್ನೇ ಬಿಟ್ಟೆಯಲ್ಲ. ಜೊಂಡು ಎಷ್ಟು ಬೆಳೆದಿದೆ? ಮಳೆಗೆ ನೀರು ತುಂಬಿರಬೇಕಲ್ಲ? ಒಬ್ಬಳೇ ಆದರೂ ಹೋಗಿಬರಬಾರದಾ? ಹೋಗಿ ನನಗೆ ಬರೆ.

ಚೂಟಿ


ಜುಲೈ 19

ನಾದಿನಿಯವರಿಗೆ,

ನಿನ್ನೆ ಸಂಜೆ ಅತ್ತೆ ನೆಲದ ಮೇಲೆ ಕೂತು ಹಳೇ ಬಟ್ಟೆಗೆ ಗುಂಡಿ ಹಾಕ್ತಿದ್ರು. ಎದ್ದೇಳುವಾಗ ನಾನು ಕೈ ಕೊಟ್ಟು, "ಮಂಡಿ ನೋವು ಹೇಗಿದೆ ಅತ್ತೆ?" ಅಂದೆ. "ನನ್ನ ಮಂಡಿಗೇನಾಗಿದೆ?" ಅಂದ್ರು. ನಾನು ಚೆಲ್ಲಿದ ಗುಂಡಿ ಆರಿಸೋಕೆ ಬಗ್ಗಿದೆ. ಅವರು ಬಿಡಲಿಲ್ಲ. "ನಿನಗ್ಯಾರು ಹೇಳಿದ್ದು?" ಅಂತ ಸೂಜಿ ಕೆಳಗಿಟ್ಟು ಕೇಳಿದ್ರು. ನನಗೆ ಸುಳ್ಳು ಹೇಳೋಕೆ ಬರಲಿಲ್ಲ.

ನಿಮ್ಮ ಕಾಗದ ನಾನು ತೋರಿಸಿಲ್ಲ. ಬಾಯಲ್ಲಿ ಹೇಳಿದ್ದೇ ಸಾಕಾಯ್ತು.

ಇಷ್ಟು ದಿನ ನಾನು ಅವರ ನಗು ನೋಡಿದಾಗಲೆಲ್ಲ ಅನುಮಾನ ಪಟ್ಟೆ. ತಟ್ಟೆಗೆ ಬಡಿಸಿದ್ದನ್ನ ಚೆನ್ನಾಗಿದೆ ಅಂದ್ರೂ, ನಿಜವಾ, ನನಗೋಸ್ಕರವಾ ಅಂತ ಯೋಚಿಸಿದೆ. ಅದನ್ನ ನೀವು ನನಗೆ ಮಾಡಬಾರದಿತ್ತು.

ನಿಮಗೊಂದು ಮಾತು ಹೇಳ್ತೀನಿ. ಅತ್ತೆಗೆ ನಿಮ್ಮ ಕಾಗದ ಬಂದಾಗಲೆಲ್ಲ ಅವರು ಅದನ್ನ ನನಗೊಂದು ಸಲ, ನಿಮ್ಮಣ್ಣನಿಗೊಂದು ಸಲ ಓದ್ತಾರೆ. ಕೊಳಕ್ಕೆ ಹೋಗೋ ದಾರಿ ಉದ್ದಕ್ಕೂ ಚೂಟಿ ಹಾಗಂದಳು, ಚೂಟಿ ಹೀಗಂದಳು. ನನಗೂ ಹೊಟ್ಟೆಕಿಚ್ಚಾಗ್ತಿತ್ತು. ನೀವು ಏನೇ ಮಾಡಿದ್ರೂ ಮಗಳು. ನಾನು ಒಂದು ತಪ್ಪು ಮಾಡಿದ್ರೆ ಸೊಸೆ.

ನಿಮ್ಮ ಅತ್ತಿಗೆ


ಜುಲೈ 21

ಚೂಟಿ,

ಸಿಟ್ಟಿಲ್ಲ ಅಂತ ನಾನು ಬರೆಯಲ್ಲ. ಇದೆ.

ಬೇರೆಯವರ ಮನೇಲಿ ಅತ್ತೆ ಸೊಸೆ ಮಧ್ಯೆ ಬೆಂಕಿ ಹಚ್ಚೋಕೆ ನೆರೆಯವರು ಬೇಕು. ನನಗೆ ಹೊಟ್ಟೇಲಿ ಹುಟ್ಟಿದವಳೇ ಸಾಕಾಯ್ತು. ನನ್ನ ಬಾಯಲ್ಲಿ ಬರದ ಮಾತನ್ನ ನನ್ನ ಬಾಯಲ್ಲಿಟ್ಟು ಕಳಿಸಿದ್ದೀಯ. ನಿನ್ನ ಕೆಲಸ ಹಲ್ಲು ಕಟ್ಟೋದು, ನಾಲಿಗೆ ಕಟ್ಟೋದಲ್ಲ.

ಆ ಹುಡುಗಿ ಅಡುಗೆ ಮನೇಲಿ ನಲ್ಲಿ ಬಿಟ್ಟುಕೊಂಡು ಅತ್ತಳು, ಸದ್ದು ಕೇಳಬಾರದು ಅಂತ. ನಾನು ನಲ್ಲಿ ನಿಲ್ಲಿಸಿದೆ. ಇಬ್ಬರೂ ನಿಂತೆವು.

ನಿಮ್ಮಣ್ಣನಿಗೆ ಹೇಳಿಲ್ಲ. ಅವನು ಬಸ್ಸು ಓಡಿಸೋನು, ತಲೆ ತಣ್ಣಗಿರಬೇಕು.

ಒಂದೇ ಕೇಳ್ತೀನಿ. ಯಾಕೆ? ನಿನಗೆ ನಾನೇನು ಕಮ್ಮಿ ಮಾಡಿದ್ದೆ? ಬರೆ. ಚೆಂದ ಮಾಡಿ ಬರೀಬೇಡ.

ಅಮ್ಮ


ಆಗಸ್ಟ್ 3

ಅಮ್ಮಾ,

ಚೆಂದ ಮಾಡದೆ ಬರೆಯೋಕೆ ಇಷ್ಟು ದಿನ ಬೇಕಾಯ್ತು.

ಹೊಟ್ಟೆಕಿಚ್ಚು, ಅಷ್ಟೇ. ಬೇರೆ ಹೆಸರು ಹುಡುಕಿದೆ. ನಿನ್ನ ಆರೋಗ್ಯದ ಚಿಂತೆ, ನೀರಿನ ಅಪಾಯ, ಅಂತೆಲ್ಲ ನನಗೆ ನಾನೇ ಹೇಳಿಕೊಂಡೆ. ಯಾವುದೂ ನಿಲ್ಲಲಿಲ್ಲ.

ಅಪ್ಪ ಹೋದ ಮೇಲೆ ನೀನು ಎರಡು ಪಾಳಿ ಮಾಡ್ತಿದ್ದೆ. ಭಾನುವಾರ ಮಧ್ಯಾಹ್ನದ ತನಕ ಮಲಗಿರ್ತಿದ್ದೆ. ನಾನು ಚಪ್ಪಲಿ ಹಾಕ್ಕೊಂಡು ಮಂಚದ ಪಕ್ಕ ನಿಂತಿರ್ತಿದ್ದೆ. ಕೊಳ ತೋರಿಸಬೇಕು ಅಂತ. ನೀನು ಜೊತೆಗಿದ್ರೆ ಬೈಯಲ್ಲ ಅಂತ ನನ್ನ ಲೆಕ್ಕಾಚಾರ. ಬಿಸಿನೀರಿಗೆ ಸುಲಿದ ನಿನ್ನ ಕೈ ಹೊದಿಕೆಯಿಂದಾಚೆ ಇರ್ತಿತ್ತು. ಅಣ್ಣ ಬಾಗಿಲಲ್ಲಿ ನಿಂತು, ಎಬ್ಬಿಸಬೇಡ ಅಂತ ತುಟಿ ಮೇಲೆ ಬೆರಳಿಡ್ತಿದ್ದ. ನಾನು ಎಬ್ಬಿಸಲಿಲ್ಲ. ಚಪ್ಪಲಿ ಬಿಚ್ಚಿ ಇಡ್ತಿದ್ದೆ.

ನೀನು ದುಡಿಯದೆ ಹೋಗಿದ್ರೆ ನಾನು ಓದ್ತಿರಲಿಲ್ಲ, ಈ ಕೆಲಸ ಇರ್ತಿರಲಿಲ್ಲ. ಗೊತ್ತು. ಗೊತ್ತಿದ್ದೂ ಹೊಟ್ಟೆ ಉರಿಯುತ್ತೆ. ನಾನು ಕಾದ ಅಮ್ಮ ಕೊನೆಗೂ ಎದ್ದಳು. ಎದ್ದು ಬೇರೆಯವಳ ಜೊತೆ ಹೋದಳು.

ಅತ್ತಿಗೆ ಕೆಟ್ಟವರಾಗಿದ್ರೆ ನನಗೆ ಎಷ್ಟು ಸುಲಭವಾಗ್ತಿತ್ತು.

ಚೂಟಿ


ಆಗಸ್ಟ್ 12

ಚೂಟಿ,

ಓದಿದೆ. ನಿನ್ನ ಅತ್ತಿಗೆಗೂ ಓದಿ ಹೇಳಲಿಲ್ಲ, ನಿಮ್ಮಣ್ಣನಿಗೂ ಇಲ್ಲ. ನನಗೇ ಇಟ್ಟುಕೊಂಡೆ.

ಎಬ್ಬಿಸಬೇಕಿತ್ತು ಕಣೇ. ಬೈತಿದ್ದೆ, ಒಂದು ಏಟು ಕೊಡ್ತಿದ್ದೆನೋ ಏನೋ. ಎದ್ದು ಬರ್ತಿದ್ದೆನಾ? ಅದೂ ಗೊತ್ತಿಲ್ಲ. ಮೈಯಲ್ಲಿ ಅಷ್ಟು ದಣಿವಿತ್ತು. ಆದರೆ ಎಬ್ಬಿಸಿದ್ರೆ ನಿನಗೆ ನಾನು ಬೇಕಿತ್ತು ಅನ್ನೋದಾದ್ರೂ ನನಗೆ ಗೊತ್ತಾಗ್ತಿತ್ತು. ನೀನು ಸದ್ದಿಲ್ಲದ ಮಗು, ಇವಳಿಗೇನೂ ಬೇಡ ಅಂತ ನಾನು ನೆಮ್ಮದಿಯಾಗಿ ಮಲಗ್ತಿದ್ದೆ.

ಆಗಿನದನ್ನ ಈಗ ಕೊಡೋಕೆ ನನ್ನ ಕೈಲಾಗಲ್ಲ. ರಜೆ ಹಾಕಿ ಬಾ. ಬಂದು ಎಬ್ಬಿಸು.

ಅಮ್ಮ


ಸೆಪ್ಟೆಂಬರ್ 2

ಅತ್ತಿಗೆ,

ಊರಿಂದ ಬಂದು ರೂಮಿಗೆ ತಲುಪಿದೆ. ನೀವು ಬುಟ್ಟಿಯಲ್ಲಿಟ್ಟು ಕೊಟ್ಟ ಸಸಿ ಬಸ್ಸಿನಲ್ಲಿ ಸ್ವಲ್ಪ ಬಾಗಿತು. ಕಿಟಕಿಯಲ್ಲಿಟ್ಟಿದ್ದೀನಿ, ಎದ್ದು ನಿಲ್ಲೋ ಹಾಗಿದೆ.

ಊಟದ ಮೇಜಿನ ಮುಂದೆ ನಿಮ್ಮ ಎದುರೇ ಕೂತು, "ಉಪ್ಪು ಕೊಡಿ" ಅನ್ನೋದು ಬಿಟ್ಟು ನನ್ನ ಬಾಯಿಂದ ಬೇರೇನೂ ಹೊರಡಲಿಲ್ಲ. ಅಣ್ಣ, "ಇವಳಿಗೇನು ಇಷ್ಟು ಉಪ್ಪು?" ಅಂದ. ಆಗ ಹೇಳಬೇಕಿದ್ದನ್ನ ಈಗ ಬರೀತಿದ್ದೀನಿ. ನಾನು ನಿಮಗೆ ಮಾಡಿದ್ದು ತಪ್ಪು. ಕರ್ತವ್ಯ ಅಂತ ಬರೆದೆನಲ್ಲ, ಆ ಪದ ನೆನೆದ್ರೆ ಕಿವಿ ಬಿಸಿಯಾಗುತ್ತೆ.

ಭಾನುವಾರ ಏನಾಯ್ತು ಅಂತ ನೀವು ಕೇಳಲಿಲ್ಲ. ನರ್ಸರಿಯಲ್ಲಿ ಕೆಲಸ ಇದೆ ಅಂತ ನಸುಕಿನಲ್ಲೇ ಹೋಗಿಬಿಟ್ರಿ. ಭಾನುವಾರ ನರ್ಸರಿಗೆ ರಜೆ ಅಂತ ಅಣ್ಣ ಆಮೇಲೆ ಹೇಳಿದ. ಆ ಹೊತ್ತೆಲ್ಲ ನೀವು ಎಲ್ಲಿ ಕಳೆದ್ರೋ ಗೊತ್ತಿಲ್ಲ.

ನಾನು ಅಮ್ಮನನ್ನ ಎಬ್ಬಿಸೋಕೆ ಹೋದೆ. ಕುತ್ತಿಗೆ ತನಕ ಹೊದ್ದು ಮಲಗಿದ್ದಳು. ಹೊದಿಕೆಯ ತುದೀಲಿ ಚಪ್ಪಲಿ ಕಾಣ್ತಿತ್ತು. ತಲೆ ಬಾಚಿ, ಬಟ್ಟೆ ಹಾಕ್ಕೊಂಡು, ಚಪ್ಪಲಿ ಸಮೇತ ಕಣ್ಣು ಮುಚ್ಚಿ ಮಲಗಿದ್ದಳು. ನಾನು ಬಹಳ ಹೊತ್ತು ನಿಂತೆ. ಆಮೇಲೆ ಭುಜ ಹಿಡಿದು ಅಲ್ಲಾಡಿಸಿ, "ಅಮ್ಮಾ ಏಳು, ಕೊಳಕ್ಕೆ ಹೋಗೋಣ" ಅಂದೆ. "ಏನೇ ನಿಂದು ಗಲಾಟೆ, ಮಲಗೋಕೂ ಬಿಡಲ್ಲ" ಅಂತ ಬೈದು ಎದ್ದಳು. ಚೆನ್ನಾಗಿ ಬೈದಳು.

ಕಾಲುವೆ ಏರಿ ಮೇಲೆ ಇಬ್ಬರು ಪಕ್ಕಪಕ್ಕ ನಡೆಯೋಕಾಗಲ್ಲ, ನಿಮಗೆ ಗೊತ್ತಲ್ಲ. ಅವಳು ಮುಂದೆ, ನಾನು ಹಿಂದೆ. ದಾರಿ ಉದ್ದಕ್ಕೂ ನಿಮ್ಮದೇ ಮಾತು. ಈ ಮರ ಅವಳು ತೋರಿಸಿದ್ದು, ಅಗೋ ನೀರುಕೋಳಿ, ಅದರ ಕೂಗು ಅವಳು ಹೇಳಿಕೊಟ್ಟಿದ್ದು. ನನಗೆ ಬೆನ್ನು ಹಾಕಿ ನಡೀತಿದ್ದಳು, ನನ್ನ ಮುಖ ಕಾಣಲಿಲ್ಲ, ಪುಣ್ಯ. ನಾನು ಚಿಕ್ಕಂದಿನಲ್ಲಿ ನೋಡಿದ ಕೊಳ ದೊಡ್ಡದಿತ್ತು. ಅರ್ಧ ಈಗ ಜೊಂಡಾಗಿದೆ. ಇದು ನನ್ನ ಕೊಳ ಅಂತ ಜಗಳ ಮಾಡಿದವಳಿಗೆ ಎಲ್ಲಿ ಇಳೀಬೇಕು ಅನ್ನೋದೂ ತಿಳಿಯಲಿಲ್ಲ. ಅಮ್ಮನೇ ಕೈ ಹಿಡಿದು ಇಳಿಸಿದಳು.

ಬೆನ್ನ ಕೆಳಗೆ ಕೈಯಿಟ್ಟು, "ಕತ್ತು ಬಿಗಿ ಹಿಡೀಬೇಡ, ತಲೆಯ ಭಾರ ನನಗೆ ಕೊಡು" ಅಂದಳು. ಅದು ನಿಮ್ಮ ಮಾತು. ಅಮ್ಮನ ಬಾಯಲ್ಲಿ ನಿಮ್ಮ ಮಾತು ಕೇಳಿದ ಕೂಡಲೇ ಮೈಯೆಲ್ಲ ಕಟ್ಟಿಗೆಯಾಯ್ತು. ಮುಳುಗಿದೆ. ಮೂಗಿಗೆಲ್ಲ ನೀರು. ಹೊಟ್ಟೆಕಿಚ್ಚಿದ್ದವರು ತೇಲಲ್ಲ ಅತ್ತಿಗೆ, ನನ್ನನ್ನ ನೋಡಿ ತಿಳ್ಕೊಳ್ಳಿ.

ಎರಡನೇ ಸಲ ಅವಳು ಏನೂ ಹೇಳಲಿಲ್ಲ. ಸುಮ್ಮನೆ ಹಿಡಿದಳು. ಒದ್ದೆ ಬೆಡ್‌ಶೀಟಿನ ರಾಶಿ ಎತ್ತಿದ ಕೈ, ಅಲ್ಲಾಡಲಿಲ್ಲ. ಕಾಲು ಮೇಲೆ ಬಂತು. ಕಿವಿ ನೀರಿನೊಳಗಿತ್ತು, ಏನೂ ಕೇಳ್ತಿರಲಿಲ್ಲ. ಅವಳ ಮುಖ ನನ್ನ ಮುಖದ ಮೇಲೆ ಬಗ್ಗಿತ್ತು, ತುಟಿ ಆಡ್ತಿತ್ತು. ಏನೋ ಹೇಳ್ತಿದ್ದಳು, ಬಹಳ ಹೊತ್ತು. ಎದ್ದು ನಿಂತ ಮೇಲೆ, "ಏನಂದೆ?" ಅಂತ ಕೇಳಿದೆ. "ಏನೂ ಇಲ್ಲ, ತಲೆ ಒರೆಸ್ಕೋ" ಅಂದಳು.

ನನ್ನ ಹೊಟ್ಟೆಕಿಚ್ಚು ಹೋಯ್ತು ಅಂತ ಬರೆದ್ರೆ ಮತ್ತೆ ಸುಳ್ಳಾಗುತ್ತೆ. ಹೋಗಿಲ್ಲ. ಇನ್ನು ಮುಂದೆ ಬೆಳಗ್ಗೆ ನೀವಿಬ್ಬರೂ ಆ ಏರಿ ಮೇಲೆ ಹೋಗ್ತಿರ್ತೀರಿ, ನಾನು ಇಲ್ಲಿ ಯಾರದೋ ಕಟ್ಟಿಸಿದ ಹಲ್ಲು ಉಜ್ಜುತ್ತಿರ್ತೀನಿ. ಹೋಗಿ. ಹೋಗಲೇಬೇಕು. ಅವಳ ಕಾಗದ ಚಿಕ್ಕದಾದ್ರೆ ನಾನು ನಿಮ್ಮನ್ನೇ ಕೇಳೋದು.

ಚಳಿ ಶುರುವಾಗೋ ಮುಂಚೆ ಇನ್ನೊಂದು ಸಲ ಬರ್ತೀನಿ. ಆಗ ನರ್ಸರಿ ನೆವ ಬೇಡ, ನೀವೂ ಬನ್ನಿ, ಮೂವರೂ ಹೋಗೋಣ. ಆದರೆ ಏರಿ ಮೇಲೆ ಅಮ್ಮನ ಹಿಂದೆ ನಾನು. ನೀವು ನನ್ನ ಹಿಂದೆ.

ಚೂಟಿ